ಹಿಂದಿನ ಸೀಟಿನವರ ಗಾಯಕ್ಕೆ ಹೊಣೆ ಯಾರು?

ಬೆಂಗಳೂರಿನ ಸಂಜಯನಗರದ ಮುಖ್ಯರಸ್ತೆಯಲ್ಲಿ ನಿಂತು ಯಶವಂತಪುರ ರೈಲು ನಿಲ್ದಾಣಕ್ಕೆ ಹೋಗಬೇಕೆಂದು ಮೊಬೈಲ್ ತೆಗೆದರೆ ಪರದೆಯ ಮೇಲೆ ಬೈಕ್, ಆಟೊ, ಕ್ಯಾಬ್ ಒಂದರ ಕೆಳಗೊಂದು ಬರುತ್ತವೆ. ದರ ಎಷ್ಟು, ಎಷ್ಟು ನಿಮಿಷದಲ್ಲಿ ಬರುತ್ತದೆ, ಚಾಲಕರಿಗೆ ಎಷ್ಟು ಸ್ಟಾರ್ ಸಿಕ್ಕಿದೆ ಎಲ್ಲವೂ ಅಲ್ಲಿರುತ್ತದೆ. ನ್ಯೂ ಬಿಇಎಲ್ ರಸ್ತೆಯ ತಿರುವಿನಲ್ಲಿ ಬಿದ್ದು ಕಾಲು ಮುರಿದರೆ ಪರಿಹಾರ ಯಾರು ಕೊಡಬೇಕು ಎಂಬುದು ಮಾತ್ರ ಇರುವುದಿಲ್ಲ. ಆ ಮೂರು ಸವಾರಿಗಳ ನಡುವಿನ ದೊಡ್ಡ ವ್ಯತ್ಯಾಸ ಅಡಗಿರುವುದು ಇಲ್ಲಿಯೇ. ಆಟೊ ಮತ್ತು ಕ್ಯಾಬಿನ ಪ್ರಯಾಣಿಕರನ್ನು ಕಾನೂನು ಕಡ್ಡಾಯ ವಿಮೆಯ ರಕ್ಷಣೆಯೊಳಗೆ ತಂದಿದೆ. ವೈಟ್ ಬೋರ್ಡ್ ಬೈಕಿನಲ್ಲಿ ಬಾಡಿಗೆ ಕೊಟ್ಟು ಹಿಂದೆ ಕೂತವರನ್ನು ಆ ಕಡ್ಡಾಯದ ಹೊರಗೇ ಬಿಟ್ಟಿದೆ.

ಭೂಪಸಂದ್ರ, ನಾಗಶೆಟ್ಟಿಹಳ್ಳಿ, ಗೆದ್ದಲಹಳ್ಳಿಯ ಒಳರಸ್ತೆಗಳಿಂದ ಹೆಬ್ಬಾಳದ ಬಸ್ ನಿಲ್ದಾಣಕ್ಕೋ ಆಸ್ಪತ್ರೆ, ಕಾಲೇಜುಗಳಿಗೋ ಹೊರಡುವ ಸಾವಿರಾರು ಜನರಿಗೆ ಬೈಕ್ ಟ್ಯಾಕ್ಸಿ ಶೋಕಿಯ ವಸ್ತುವಲ್ಲ. ಬಸ್ಸು ಬಾರದ ಗಲ್ಲಿಯಿಂದ ಬಸ್ಸು ಸಿಗುವ ರಸ್ತೆಗೆ ಕಡಿಮೆ ದುಡ್ಡಿನಲ್ಲಿ ಮುಟ್ಟಿಸುವ ಸಾಧನ ಅದು. ಹಾಗಾಗಿ ಬೈಕ್ ಟ್ಯಾಕ್ಸಿ ಇರಬೇಕೋ ಬೇಡವೋ ಎಂಬ ಚರ್ಚೆಗಿಂತ, ಇರುವಷ್ಟು ದಿನವೂ ಅದರಲ್ಲಿ ಕೂತವರ ಮೈಗೆ ಯಾರು ಜವಾಬ್ದಾರರು ಎಂಬ ಪ್ರಶ್ನೆ ತುರ್ತಿನದು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಅಪಾಯ ಅತಿ ಹೆಚ್ಚಿರುವ ವಾಹನಕ್ಕೇ ರಕ್ಷಣೆ ಅತಿ ತೆಳುವಾಗಿರುವುದು ಆಕಸ್ಮಿಕವಲ್ಲ. ಕಾಯ್ದೆಯ ಪದಗಳಲ್ಲೇ ಅದರ ಬೇರು ಇದೆ.

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲದೆ ಯಾವ ವಾಹನವೂ ರಸ್ತೆಗೆ ಇಳಿಯುವಂತಿಲ್ಲ. ಆ ಇನ್ಶೂರೆನ್ಸ್ ಯಾರನ್ನೆಲ್ಲ ಕಾಯಬೇಕು ಎಂಬುದನ್ನು 147ನೇ ಕಲಂ ಹೇಳುತ್ತದೆ. ದಾರಿಹೋಕರು, ಎದುರು ಗಾಡಿಯವರು ಅದರಲ್ಲಿದ್ದಾರೆ. ಪ್ರಯಾಣಿಕರ ವಿಷಯಕ್ಕೆ ಬಂದಾಗ ಕಾಯ್ದೆ ಬಳಸಿರುವುದು ‘ಸಾರಿಗೆ ವಾಹನದ ಪ್ರಯಾಣಿಕ’ ಎಂಬ ಮಾತು. ಯೆಲ್ಲೋ ಬೋರ್ಡಿನ ಕ್ಯಾಬು, ಮೀಟರ್ ಹಾಕಿದ ಆಟೊ ಸಾರಿಗೆ ವಾಹನಗಳು. ಸ್ವಂತ ಬಳಕೆಗೆಂದು ನೋಂದಣಿಯಾದ ವೈಟ್ ಬೋರ್ಡ್ ಬೈಕು ಸಾರಿಗೆ ವಾಹನವಲ್ಲ. ಆದ್ದರಿಂದ ಅದರ ಹಿಂಬದಿ ಸವಾರರನ್ನು ಒಳಗೊಳ್ಳಲೇಬೇಕೆಂಬ ಕಟ್ಟಳೆ ವಿಮಾ ಕಂಪನಿಗೆ ಇಲ್ಲ.

ಸುಪ್ರೀಂ ಕೋರ್ಟ್ ಇದನ್ನು 2006ರಲ್ಲೇ ಸ್ಪಷ್ಟಪಡಿಸಿತ್ತು. ಕಾಯ್ದೆ ಕೇಳುವಷ್ಟನ್ನು ಮಾತ್ರ ಪೂರೈಸುವ ಪಾಲಿಸಿ ಇದ್ದರೆ ಸುಮ್ಮನೆ ಹಿಂದೆ ಕೂತು ಹೋಗುವವರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂದಿತು. 2012ರಲ್ಲಿ ಇನ್ನೊಂದು ತೀರ್ಪು ಬಂತು. ಜನ ‘ಫುಲ್ ಇನ್ಶೂರೆನ್ಸ್’ ಎನ್ನುವ ಪ್ಯಾಕೇಜ್ ಪಾಲಿಸಿ ಇದ್ದರೆ ಹಿಂಬದಿ ಸವಾರರೂ ಅದರೊಳಗೆ ಬರುತ್ತಾರೆ ಎಂದು ನ್ಯಾಯಾಲಯ ಒಪ್ಪಿತು. ಹಾಗೆಂದು ಸಮಾಧಾನ ಪಡುವ ಹಾಗಿಲ್ಲ. ಬೈಕು ಹಳೆಯದಾಗುತ್ತಿದ್ದಂತೆ ಫುಲ್ ಇನ್ಶೂರೆನ್ಸ್ ಬಿಟ್ಟು ಥರ್ಡ್ ಪಾರ್ಟಿ ಮಾತ್ರ ಕಟ್ಟುವವರು ಬಹಳ. ದೇಶದ ರಸ್ತೆಗಳಲ್ಲಿರುವ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಚಾಲ್ತಿಯಲ್ಲಿರುವ ವಿಮೆಯೇ ಇಲ್ಲ ಎಂಬ ಮಾತು ಸಂಸತ್ತಿನ ಸಮಿತಿಯ ಮುಂದೂ ಬಂದಿದೆ. ಅವುಗಳಲ್ಲಿ ಹೆಚ್ಚಿನವು ದ್ವಿಚಕ್ರ ವಾಹನಗಳೇ.

ಫುಲ್ ಇನ್ಶೂರೆನ್ಸ್ ಇದ್ದರೂ ಇನ್ನೊಂದು ಗಂಟು ಉಳಿಯುತ್ತದೆ. ಸ್ವಂತ ಬಳಕೆಯ ಪಾಲಿಸಿಯಲ್ಲಿ ‘ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಓಡಿಸಬಾರದು’ ಎಂಬ ಷರತ್ತು ಇರುತ್ತದೆ. ಬಾಡಿಗೆ ಪರ್ಮಿಟ್ ಇಲ್ಲದ ಗಾಡಿಯನ್ನು ಬಾಡಿಗೆಗೆ ಬಳಸಿದ್ದರು ಎಂದು ವಾದಿಸುವ ಅವಕಾಶವನ್ನು 150ನೇ ಕಲಂ ವಿಮಾ ಕಂಪನಿಗೆ ಬಿಟ್ಟುಕೊಟ್ಟಿದೆ. ಹಿಂದೆ ಕೂತಿದ್ದವರು ಆಪ್‌ನಲ್ಲಿ ಬುಕ್ ಮಾಡಿ, ಯುಪಿಐ ಮೂಲಕ ಹಣ ಕೊಟ್ಟಿದ್ದಾರೆ. ಆ ಪ್ರಾಮಾಣಿಕ ದಾಖಲೆಯೇ ಕಂಪನಿಯ ವಕೀಲರ ಕೈಗೆ ಸಾಕ್ಷ್ಯವಾಗಿ ಹೋಗುತ್ತದೆ. ಗೆಳೆಯನ ಬೈಕಿನಲ್ಲಿ ಪುಕ್ಕಟೆ ಹೋದವರಿಗೆ ಇರುವಷ್ಟು ಭದ್ರತೆಯೂ ದುಡ್ಡು ಕೊಟ್ಟು ಹೋದವರಿಗೆ ಇಲ್ಲವಾಗುತ್ತದೆ. ಇದು ಅನ್ಯಾಯ.

ಕರ್ನಾಟಕದಲ್ಲಿ ಈ ಅನ್ಯಾಯ ಬೆಳೆದದ್ದಕ್ಕೆ ಒಂದು ಇತಿಹಾಸವಿದೆ. ಆಪ್ ಆಧಾರಿತ ಸಾರಿಗೆಗೆ ರಾಜ್ಯ ಸರ್ಕಾರ ನಿಯಮ ಮಾಡಿದ್ದು 2016ರಲ್ಲಿ. ಅದು ಟ್ಯಾಕ್ಸಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಬೈಕುಗಳು ಅದರ ಪಕ್ಕದಲ್ಲೇ ನುಸುಳಿ ಬೆಳೆದವು. 2019ರ ಮಾರ್ಚಿನಲ್ಲಿ ಅನುಮತಿಯಿಲ್ಲದೆ ಬೈಕ್ ಟ್ಯಾಕ್ಸಿ ಓಡಿಸಿದ ಕಾರಣಕ್ಕೆ ಸಾರಿಗೆ ಇಲಾಖೆ ಓಲಾದ ಪರವಾನಗಿಯನ್ನು ಅಮಾನತು ಮಾಡಿ, ಕೆಲವೇ ದಿನಗಳಲ್ಲಿ ಆ ಅಮಾನತನ್ನು ಹಿಂತೆಗೆದುಕೊಂಡಿತು. 2021ರಲ್ಲಿ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿ ಯೋಜನೆ ಬಂತು, 2024ರ ಮಾರ್ಚಿನಲ್ಲಿ ಅದೂ ರದ್ದಾಯಿತು. 2025ರ ಏಪ್ರಿಲ್ 2ರಂದು ಹೈಕೋರ್ಟಿನ ಏಕಸದಸ್ಯ ಪೀಠ, ಸರ್ಕಾರ ನಿಯಮ ರೂಪಿಸುವವರೆಗೆ ಬೈಕ್ ಟ್ಯಾಕ್ಸಿ ನಿಲ್ಲಿಸಬೇಕೆಂದು ಹೇಳಿತು. ಜೂನ್ 16ರಿಂದ ಸೇವೆ ನಿಂತಿತು. 2026ರ ಜನವರಿಯಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ಬದಿಗಿಟ್ಟು, ಬೈಕ್ ಎಂಬ ಒಂದೇ ಕಾರಣಕ್ಕೆ ಪರ್ಮಿಟ್ ನಿರಾಕರಿಸುವಂತಿಲ್ಲ ಎಂದಿತು.

ಈ ಹತ್ತು ವರ್ಷಗಳ ವಾದವಿವಾದದಲ್ಲಿ ಆಟೊ ಚಾಲಕರ ಹೊಟ್ಟೆಪಾಡಿನ ಮಾತು ಬಂತು, ಬೈಕ್ ಓಡಿಸುವ ಹುಡುಗರ ಹೊಟ್ಟೆಪಾಡಿನ ಮಾತು ಬಂತು, ಟ್ರಾಫಿಕ್ಕು, ಮಹಿಳೆಯರ ಸುರಕ್ಷತೆ, ಸರ್ಕಾರದ ಅಧಿಕಾರದ ವ್ಯಾಪ್ತಿ ಎಲ್ಲವೂ ಬಂದವು. ಒಂದೊಂದೂ ನ್ಯಾಯವಾದ ಕಾಳಜಿಯೇ. ಆದರೆ ಹಿಂದೆ ಕೂತವರ ಮುರಿದ ಮೂಳೆಯ ಖರ್ಚು ಯಾರದು ಎಂಬುದು ಚರ್ಚೆಯ ನಡುವಿಗೆ ಬರಲೇ ಇಲ್ಲ. ಪರ್ಮಿಟ್ ಬೇರೆ, ವಿಮೆ ಬೇರೆ ಎಂಬಂತೆ ಎಲ್ಲರೂ ಮಾತಾಡಿದರು. ಕಾಯ್ದೆಯಲ್ಲಿ ಇವೆರಡೂ ಒಂದೇ ಹಗ್ಗದ ಎರಡು ಎಳೆಗಳು. ಬೈಕಿಗೆ ಯೆಲ್ಲೋ ಬೋರ್ಡ್ ಬಂದ ದಿನ ಅದು ಸಾರಿಗೆ ವಾಹನವಾಗುತ್ತದೆ, ಹಿಂದೆ ಕೂತವರು ಕಡ್ಡಾಯ ವಿಮೆಯೊಳಗೆ ಬರುತ್ತಾರೆ. ಬೈಕ್ ಟ್ಯಾಕ್ಸಿಯನ್ನು ಅರೆಬರೆ ಒಪ್ಪಿ, ಕಣ್ಣುಮುಚ್ಚಿ ಓಡಲು ಬಿಡುವುದಕ್ಕಿಂತ ಕೆಟ್ಟ ನೀತಿ ಇನ್ನೊಂದಿಲ್ಲ. ನಿಷೇಧವಾದರೂ ಅಪಾಯವನ್ನು ತಪ್ಪಿಸುತ್ತದೆ, ಪೂರ್ಣ ಅನುಮತಿಯಾದರೂ ರಕ್ಷಣೆ ಕೊಡುತ್ತದೆ. ನಡುವಿನ ಸ್ಥಿತಿಯಲ್ಲಿ ಅಪಾಯ ಹಾಗೇ ಉಳಿದು ರಕ್ಷಣೆ ಮಾತ್ರ ಮಾಯವಾಗುತ್ತದೆ.

ನ್ಯಾಯಾಲಯಗಳು ಗಾಯಾಳುಗಳನ್ನು ಪೂರ್ತಿ ಕೈಬಿಟ್ಟಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಒಂದು ದಾರಿ ತೋರಿಸಿತು. ಪಾಲಿಸಿಯ ಷರತ್ತು ಮುರಿದಿದ್ದರೂ ವಿಮಾ ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಡಲಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ. 2020ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಇದೇ ತತ್ವವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿಯಿತು. ಪರ್ಮಿಟ್ ಇಲ್ಲದೆ ಓಡಿದ ವಾಹನದ ವಿಷಯದಲ್ಲೂ ‘ಮೊದಲು ಕೊಡು, ಆಮೇಲೆ ವಸೂಲು ಮಾಡು’ ಎಂಬ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿದೆ. ಲಘು ವಾಹನದ ಲೈಸೆನ್ಸ್ ಇಟ್ಟುಕೊಂಡು ಟ್ಯಾಕ್ಸಿ ಓಡಿಸಿದರು ಎಂಬ ನೆಪವೂ ಈಗ ನಡೆಯುವುದಿಲ್ಲ. 7,500 ಕಿಲೋ ಒಳಗಿನ ಸಾರಿಗೆ ವಾಹನಕ್ಕೆ ಪ್ರತ್ಯೇಕ ಅನುಮೋದನೆ ಬೇಡ ಎಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಇತ್ಯರ್ಥ ಮಾಡಿತು.

ಆದರೆ ಈ ರಕ್ಷಣೆ ‘ಥರ್ಡ್ ಪಾರ್ಟಿ’ ಎನಿಸಿಕೊಂಡವರಿಗೆ, ಅಥವಾ ಪಾಲಿಸಿ ಹೇಗೋ ತನ್ನೊಳಗೆ ಸೇರಿಸಿಕೊಂಡವರಿಗೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಿರುವ ವೈಟ್ ಬೋರ್ಡ್ ಬೈಕು ತಾನಾಗಿ ಜಾರಿ ಬಿದ್ದು ಹಿಂದಿನವರಿಗೆ ಪೆಟ್ಟಾದರೆ ಉಳಿಯುವುದು ಬೈಕಿನ ಮಾಲೀಕ ಮತ್ತು ಸವಾರನ ಜೇಬು ಮಾತ್ರ. ಇನ್ನೊಂದು ವಾಹನ ಗುದ್ದಿದ್ದರೆ ಸ್ಥಿತಿ ಪೂರ್ತಿ ಬೇರೆ. ಗುದ್ದಿದ ಕಾರಿಗೋ ಟೆಂಪೊಗೋ ಹಿಂಬದಿ ಸವಾರರು ನಿಸ್ಸಂದೇಹವಾಗಿ ಥರ್ಡ್ ಪಾರ್ಟಿ. ಎರಡೂ ವಾಹನಗಳ ತಪ್ಪಿದ್ದರೂ ಗಾಯಾಳು ಪೂರ್ತಿ ಪರಿಹಾರವನ್ನು ಇಬ್ಬರಲ್ಲಿ ಒಬ್ಬರಿಂದಲೇ ಪಡೆಯಬಹುದು, ಪಾಲು ಹಂಚಿಕೊಳ್ಳುವ ಜಗಳ ಅವರವರದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಬಳ್ಳಾರಿ ರಸ್ತೆಯಲ್ಲಿ ಬೈಕ್ ಟ್ಯಾಕ್ಸಿಗೆ ಹಿಂದಿನಿಂದ ಕಾರು ತಾಗಿದರೆ, ಬೈಕಿನವನ ಮೇಲೆ ಸಿಟ್ಟು ಮಾಡುತ್ತ ಕಾರಿನ ನಂಬರ್ ಬರೆದುಕೊಳ್ಳದೆ ಬಿಟ್ಟವರು ಕಳೆದುಕೊಳ್ಳುವುದು ಬಹಳ ದೊಡ್ಡದು.

‘ಆಪ್‌ನಲ್ಲೇ ಇನ್ಶೂರೆನ್ಸ್ ಇದೆಯಲ್ಲ’ ಎಂಬ ನಂಬಿಕೆ ವ್ಯಾಪಕವಾಗಿದೆ. ಇದೆ, ನಿಜ. ಓಲಾ 2018ರಲ್ಲಿ ನಗರದೊಳಗಿನ ಸವಾರಿಗೆ 1 ರೂಪಾಯಿ ಕೊಟ್ಟರೆ 5 ಲಕ್ಷ ರೂಪಾಯಿವರೆಗಿನ ವಿಮೆ ಒದಗಿಸುವ ಏರ್ಪಾಡು ಮಾಡಿತು. ಊಬರ್ 2019ರಲ್ಲಿ ಪ್ರಯಾಣಿಕರಿಂದ ಹಣ ಪಡೆಯದೆ ಸಾವು ಅಥವಾ ಅಂಗವೈಕಲ್ಯಕ್ಕೆ 5 ಲಕ್ಷ, ಆಸ್ಪತ್ರೆ ಖರ್ಚಿಗೆ 2 ಲಕ್ಷದವರೆಗಿನ ವಿಮೆ ಪ್ರಕಟಿಸಿತು. ಒಳ್ಳೆಯ ಹೆಜ್ಜೆಗಳೇ. ಆದರೆ ಇವು ವೈಯಕ್ತಿಕ ಅಪಘಾತ ವಿಮೆಗಳು. ಇಂತಿಷ್ಟು ಎಂದು ಮೊದಲೇ ಗೆರೆ ಎಳೆದ ಮೊತ್ತ. ಕಾನೂನು ಕೊಡುವ ಪರಿಹಾರದ ಲೆಕ್ಕವೇ ಬೇರೆ, ಸಾವು ಮತ್ತು ಗಾಯದ ಪರಿಹಾರಕ್ಕೆ ಅಲ್ಲಿ ಮೇಲ್ಮಿತಿಯೇ ಇಲ್ಲ.

ಒಂದು ಉದಾಹರಣೆಯ ಲೆಕ್ಕ ಹಾಕಿದರೆ ಅಂತರ ಕಾಣುತ್ತದೆ. ತಿಂಗಳಿಗೆ 25,000 ರೂಪಾಯಿ ದುಡಿಯುವ 30 ವರ್ಷದ ಉದ್ಯೋಗಿಯೊಬ್ಬರು ಎಂದುಕೊಳ್ಳೋಣ. ಕಾಲಿನ ಮೂಳೆ ಕೂಡಿದರೂ ದುಡಿಯುವ ಶಕ್ತಿ ಶೇ 20ರಷ್ಟು ಶಾಶ್ವತವಾಗಿ ಕುಗ್ಗಿದೆ ಎಂದು ಅಪಘಾತ ಪರಿಹಾರದ ನ್ಯಾಯಮಂಡಳಿ ಒಪ್ಪುತ್ತದೆ. ವರ್ಷದ ಆದಾಯ 3 ಲಕ್ಷ. ಸುಪ್ರೀಂ ಕೋರ್ಟ್ 2009ರಲ್ಲಿ ನಿಗದಿ ಮಾಡಿದ ಪಟ್ಟಿಯಂತೆ 26ರಿಂದ 30 ವಯಸ್ಸಿನವರಿಗೆ ಗುಣಕ 17. ಮೂರು ಲಕ್ಷವನ್ನು 17ರಿಂದ ಗುಣಿಸಿ ಅದರ ಶೇ 20 ಲೆಕ್ಕ ಹಾಕಿದರೆ 10,20,000 ರೂಪಾಯಿ. ಇದು ಮುಂದಿನ ಆದಾಯ ನಷ್ಟ ಮಾತ್ರ. ಆಸ್ಪತ್ರೆಯ ಬಿಲ್ಲು, ಮುಂದೆ ರಾಡ್ ತೆಗೆಸುವ ಆಪರೇಷನ್ನಿನ ಖರ್ಚು, ಕೆಲಸಕ್ಕೆ ಹೋಗಲಾಗದ ತಿಂಗಳುಗಳ ಸಂಬಳ, ನೋವು, ಆರೈಕೆಗೆ ನಿಂತವರ ಶ್ರಮ ಇವಕ್ಕೆಲ್ಲ ಬೇರೆ ಬೇರೆ ಬಾಬ್ತು. ಸಂಬಳದ ಚೀಟಿ ಇಲ್ಲದ ಗೃಹಿಣಿಯರಿಗೂ ಕಾಲ್ಪನಿಕ ಆದಾಯ ಹಿಡಿದು ಲೆಕ್ಕ ಮಾಡಬೇಕೆಂದು ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಮತ್ತೆ ಒತ್ತಿ ಹೇಳಿದೆ. ಆಪ್‌ನ ಎರಡು ಲಕ್ಷ ತೆಗೆದುಕೊಂಡು ‘ಎಲ್ಲ ಬಾಕಿ ತೀರಿದೆ’ ಎಂಬ ಕಾಗದಕ್ಕೆ ಓದದೆ ಸಹಿ ಹಾಕುವವರು ಯಾವ ಹಕ್ಕನ್ನು ಬಿಟ್ಟುಕೊಡುತ್ತಿದ್ದಾರೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಹಾಗಾದರೆ ಆಪ್ ಕಂಪನಿಯ ಪಾತ್ರವೇನು? ಕಂಪನಿಗಳ ಉತ್ತರ ಮೊದಲಿನಿಂದಲೂ ಒಂದೇ. ನಾವು ತಂತ್ರಾಂಶ ಒದಗಿಸುವವರು, ಸಾರಿಗೆ ನಡೆಸುವವರಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ‘ಅಗ್ರಿಗೇಟರ್’ ಎಂಬುದಕ್ಕೆ ಕೊಟ್ಟ ವ್ಯಾಖ್ಯೆಯೂ ಪ್ರಯಾಣಿಕರನ್ನು ಚಾಲಕರೊಂದಿಗೆ ಜೋಡಿಸುವ ಡಿಜಿಟಲ್ ಮಧ್ಯವರ್ತಿ ಎಂದೇ ಹೇಳುತ್ತದೆ. 2022ರ ಕೊನೆಗೆ ಬೆಂಗಳೂರಿನಲ್ಲೇ ಶುರುವಾದ ‘ನಮ್ಮ ಯಾತ್ರಿ’ ಆಪ್ ಕಮಿಷನ್ ಬಿಟ್ಟು ಚಾಲಕರಿಂದ ಚಂದಾ ಪಡೆಯುವ ಪದ್ಧತಿ ತಂದಿತು. ದೊಡ್ಡ ಕಂಪನಿಗಳೂ ಆಟೊಗಳಲ್ಲಿ ಅದೇ ಹಾದಿ ಹಿಡಿದಿವೆ. ಚಾಲಕರ ಮಟ್ಟಿಗೆ ಇದು ದೊಡ್ಡ ಗೆಲುವು. ಪ್ರಯಾಣಿಕರ ಮಟ್ಟಿಗೆ, ಸವಾರಿಯ ಹಣದಲ್ಲಿ ನಮಗೆ ಪಾಲೇ ಇಲ್ಲವಾದ್ದರಿಂದ ಹೊಣೆಯೂ ಇಲ್ಲ ಎಂದು ಹೇಳಲು ಕಂಪನಿಗಳಿಗೆ ಇನ್ನೊಂದು ಕಾರಣ ಸಿಕ್ಕಂತಾಗಿದೆ.

ಈ ವಾದವನ್ನು ಒಪ್ಪಲಾಗದು. ಅದಕ್ಕೆ ಭಾರತದ ನ್ಯಾಯಶಾಸ್ತ್ರದಲ್ಲೇ ಆಧಾರವಿದೆ. 1997ರಲ್ಲಿ ರಾಜಸ್ಥಾನದ ರಸ್ತೆ ಸಾರಿಗೆ ನಿಗಮ ಬಾಡಿಗೆಗೆ ಪಡೆದ ಬಸ್ಸೊಂದರ ಅಪಘಾತ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂತು. ಬಸ್ಸು ಬೇರೆಯವರದು, ಚಾಲಕನೂ ಬೇರೆಯವರ ನೌಕರ. ಹಾಗಿದ್ದರೂ ಮಾರ್ಗ, ಸಮಯ, ಪ್ರಯಾಣಿಕರು ಎಲ್ಲವೂ ನಿಗಮದ ನಿಯಂತ್ರಣದಲ್ಲಿದ್ದುದರಿಂದ ನಿಗಮವೇ ಹೊಣೆ ಎಂದು ನ್ಯಾಯಾಲಯ ಹೇಳಿತು. ಅಳತೆಗೋಲು ಆರ್‌ಸಿ ಪುಸ್ತಕದಲ್ಲಿರುವ ಹೆಸರಲ್ಲ, ವಾಹನದ ಮೇಲಿನ ಹಿಡಿತ. ಆಪ್ ಸವಾರಿಯಲ್ಲಿ ಆ ಹಿಡಿತ ಯಾರದು? ಯಾವ ಚಾಲಕನಿಗೆ ಯಾವ ಪ್ರಯಾಣಿಕರು ಎಂದು ತೀರ್ಮಾನಿಸುವುದು ಆಪ್. ದಾರಿ ತೋರಿಸುವುದು ಆಪ್. ಬಹುತೇಕ ದರ ಕಟ್ಟುವುದೂ ಆಪ್. ಸ್ಟಾರ್ ಕಡಿಮೆಯಾದರೆ ಚಾಲಕನ ಐಡಿ ಬ್ಲಾಕ್ ಮಾಡುವುದೂ ಅದೇ. ಇಷ್ಟು ಹಿಡಿತವಿದ್ದೂ ಅಪಘಾತದ ಕ್ಷಣದಲ್ಲಿ ಮಾತ್ರ ತಾನು ಬರೀ ನೋಟಿಸ್ ಬೋರ್ಡು ಎನ್ನುವುದು ಸಲ್ಲದು. 2024ರ ಸೆಪ್ಟೆಂಬರ್ 30ರಂದು ಕರ್ನಾಟಕ ಹೈಕೋರ್ಟ್ ಲೈಂಗಿಕ ಕಿರುಕುಳದ ಪ್ರಕರಣವೊಂದರಲ್ಲಿ ಓಲಾದ ಈ ‘ಮಧ್ಯವರ್ತಿ’ ವಾದವನ್ನು ತಳ್ಳಿಹಾಕಿ, ದೂರುದಾರರಿಗೆ 5 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತ್ತು. ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ನೀಡಿತು. ನ್ಯಾಯಾಲಯಗಳು ಒಂದೊಂದೇ ಪ್ರಕರಣದಲ್ಲಿ ಇದನ್ನು ಬಿಡಿಸಲಿ ಎಂದು ಕಾಯುವುದಕ್ಕಿಂತ ಶಾಸನವೇ ಮಾತಾಡುವುದು ವಾಸಿ.

ಬೇರೆ ಕಡೆ ಶಾಸನ ಮಾತಾಡಿದೆ. 2013ರ ಡಿಸೆಂಬರ್ 31ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರಸ್ತೆ ದಾಟುತ್ತಿದ್ದ ಆರು ವರ್ಷದ ಹುಡುಗಿಯೊಬ್ಬಳು ಊಬರ್ ಚಾಲಕನ ಕಾರಿಗೆ ಸಿಕ್ಕಿ ಸತ್ತಳು. ಆ ಹೊತ್ತಿಗೆ ಕಾರಿನಲ್ಲಿ ಪ್ರಯಾಣಿಕರಿರಲಿಲ್ಲ, ಹಾಗಾಗಿ ನಮ್ಮ ವಿಮೆ ಅನ್ವಯಿಸದು ಎಂಬುದು ಕಂಪನಿಯ ನಿಲುವಾಗಿತ್ತು. ಕ್ಯಾಲಿಫೋರ್ನಿಯಾ 2014ರಲ್ಲಿ ಕಾನೂನು ಮಾಡಿ ಸವಾರಿಯನ್ನು ಹಂತಗಳಾಗಿ ವಿಂಗಡಿಸಿತು. ಆಪ್ ತೆರೆದು ಕಾಯುವ ಹೊತ್ತಿಗೂ ಒಂದಷ್ಟು ವಿಮೆ, ಸವಾರಿ ಒಪ್ಪಿದ ಕ್ಷಣದಿಂದ ಪ್ರಯಾಣಿಕರು ಇಳಿಯುವವರೆಗೆ 10 ಲಕ್ಷ ಡಾಲರಿನ ವಿಮೆ. ಅಲ್ಲಿಯ ಮೊತ್ತ ಇಲ್ಲಿಗೆ ಹೊಂದುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಹೊಂದುವುದು ಅದರ ತಿರುಳು: ಕಂಪನಿ ಚಾಲಕನನ್ನು ರಸ್ತೆಗೆ ಇಳಿಸಿದ ಕ್ಷಣದಿಂದ ಯಾವುದಾದರೊಂದು ವಿಮೆ ಎಚ್ಚರವಾಗಿರಲೇಬೇಕು, ಅದನ್ನು ನೋಡಿಕೊಳ್ಳುವ ಹೊಣೆ ಕಂಪನಿಯದು.

ಕಾನೂನು ಎಷ್ಟೇ ಇದ್ದರೂ ಮೊದಲ ಕೆಲವು ಗಂಟೆಗಳಲ್ಲಿ ನಡೆಯುವುದೇ ಮುಂದಿನದನ್ನು ನಿರ್ಧರಿಸುತ್ತದೆ. ಬೆಂಗಳೂರಿನ ರಸ್ತೆಯಲ್ಲಿ ಅಪಘಾತವಾದ ಕೂಡಲೇ ಜನ ಸೇರುತ್ತಾರೆ, ಎತ್ತಿ ಕೂರಿಸುತ್ತಾರೆ, ನೀರು ಕೊಡುತ್ತಾರೆ. ಅದರ ಬೆನ್ನಿಗೇ ಬರುವ ಮಾತು, ‘ಕಾಂಪ್ರಮೈಸ್ ಮಾಡ್ಕೊಳ್ಳಿ ಮೇಡಂ, ಕೇಸು ಗೀಸು ಅಂತ ಯಾಕೆ, ಗಾಡಿ ಸೀಜ್ ಆದ್ರೆ ಹುಡುಗನ ಹೊಟ್ಟೆ ಮೇಲೆ ಹೊಡೆದಂಗೆ.’ ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಬೈಕ್ ಓಡಿಸುವ ಹುಡುಗ ಯಾವುದೋ ಜಿಲ್ಲೆಯಿಂದ ಬಂದು ದಿನಗೂಲಿಯಂತೆ ದುಡಿಯುತ್ತಿರುವುದು ಗಾಯಾಳುವಿಗೂ ಕಾಣುತ್ತದೆ. ಇಬ್ಬರು ಕಡಿಮೆ ಆದಾಯದವರ ನಡುವೆ ಒಬ್ಬರು ಇನ್ನೊಬ್ಬರನ್ನು ಕೋರ್ಟಿಗೆ ಎಳೆಯಬೇಕಾದ ಸ್ಥಿತಿಯನ್ನು ತಪ್ಪಿಸುವುದಕ್ಕೇ ಕಡ್ಡಾಯ ವಿಮೆ ಹುಟ್ಟಿದ್ದು. ದೂರು ಕೊಟ್ಟರೆ ಹಣ ಕಟ್ಟಬೇಕಾದುದು ವಿಮಾ ಕಂಪನಿ ಎಂಬುದು ಆ ಗುಂಪಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅರ್ಧ ಕಾಂಪ್ರಮೈಸುಗಳು ನಡೆಯುವುದೇ ಇಲ್ಲ.

ಆಸ್ಪತ್ರೆ ಮೊದಲು, ಉಳಿದದ್ದು ಆಮೇಲೆ. ತುರ್ತು ಚಿಕಿತ್ಸೆಗೆ ಪೊಲೀಸರಿಗಾಗಿ ಕಾಯಬಾರದು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕ ಹರೀಶ್ ಎಂಬ ಯುವಕ, ಸಾಯುವ ಮುನ್ನ ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡದ್ದು ನಾಡನ್ನೇ ಕಲಕಿತ್ತು. ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ‘ಮುಖ್ಯಮಂತ್ರಿ ಸಾಂತ್ವನ – ಹರೀಶ್’ ಯೋಜನೆ ತಂದು, ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಭರಿಸುವುದಾಗಿ ಹೇಳಿತು. ಈಗ ಕೇಂದ್ರದ ಯೋಜನೆ ಅದಕ್ಕಿಂತ ದೊಡ್ಡದಿದೆ. 2025ರ ಮೇ ತಿಂಗಳಲ್ಲಿ ಅಧಿಸೂಚನೆಯಾದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ತನಕದ ಚಿಕಿತ್ಸೆಗೆ ಗಾಯಾಳು ಹಣ ಕಟ್ಟಬೇಕಿಲ್ಲ. ವೈಟ್ ಬೋರ್ಡು, ಯೆಲ್ಲೋ ಬೋರ್ಡು ಎಂಬ ಭೇದ ಇಲ್ಲಿಲ್ಲ. ದಾಖಲಾಗುವಾಗ ಸಂಕೋಚವಿಲ್ಲದೆ ಕೇಳಬೇಕಾದ ಹಕ್ಕು ಇದು.

ಆಸ್ಪತ್ರೆಯಲ್ಲಿ ‘ಬಿದ್ದೆ’ ಎಂದಷ್ಟೇ ಬರೆಸಿದರೆ ಮುಂದೆ ತೊಂದರೆ. ರಸ್ತೆ ಅಪಘಾತ ಎಂದು ಹೇಳಿ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಮಾಡಿಸಬೇಕು, ಆ ಭಾಗದ ಸಂಚಾರ ಠಾಣೆಯಲ್ಲಿ ಎಫ್‌ಐಆರ್ ಆಗಬೇಕು. ಸವಾರಿಯ ವಿವರ, ಚಾಲಕನ ಹೆಸರು, ಗಾಡಿಯ ನಂಬರ್, ಹಣ ಸಂದಾಯದ ದಾಖಲೆ ಇರುವ ಪುಟಗಳ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಎಂ-ಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿದರೆ ಗಾಡಿಯ ವಿಮೆ ಯಾವಾಗಿನವರೆಗೆ ಇದೆ ಎಂಬುದು ತಿಳಿಯುತ್ತದೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮಗಳಂತೆ ಪೊಲೀಸರು 48 ಗಂಟೆಯೊಳಗೆ ಮೊದಲ ವರದಿಯನ್ನೂ 90 ದಿನಗಳೊಳಗೆ ಸವಿವರ ವರದಿಯನ್ನೂ ಕ್ಲೇಮು ನ್ಯಾಯಮಂಡಳಿಗೆ ಕೊಡಬೇಕು. ಬೆಂಗಳೂರಿನಲ್ಲಿ ಆ ನ್ಯಾಯಮಂಡಳಿಯ ಕೆಲಸ ನೋಡುವುದು ಲಘು ವ್ಯವಹಾರಗಳ ನ್ಯಾಯಾಲಯ. ಊರಿನಿಂದ ಬಂದು ಇಲ್ಲಿ ಗಾಯಗೊಂಡವರು ತಮ್ಮ ವಾಸದ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಯಾರ ತಪ್ಪೆಂದು ಸಾಬೀತು ಮಾಡುವ ಗೋಜಿಲ್ಲದೆ ತೀವ್ರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ಕೇಳುವ ದಾರಿಯೂ 164ನೇ ಕಲಮಿನಲ್ಲಿದೆ.

ಪರಿಹಾರದ ಅರ್ಜಿ ಹಾಕಲು ಇರುವ ಆರು ತಿಂಗಳ ಗಡುವು ಹಲವರಿಗೆ ಗೊತ್ತಿಲ್ಲ. ನಡುವೆ ಹಲವು ವರ್ಷ ಇಲ್ಲದಿದ್ದ ಈ ಮಿತಿಯನ್ನು 2019ರ ತಿದ್ದುಪಡಿ ಮತ್ತೆ ತಂದಿತು, 2022ರ ಏಪ್ರಿಲ್‌ನಿಂದ ಜಾರಿಯಾಯಿತು. ಎರಡು ಮೂರು ಆಪರೇಷನ್ ಆಗಿ ಊರುಗೋಲಿನ ಮೇಲೆ ನಿಲ್ಲುವಷ್ಟರಲ್ಲಿ ಆರು ತಿಂಗಳು ಮುಗಿದಿರುತ್ತದೆ. ಈ ಮಿತಿಯ ವಿರುದ್ಧದ ಅರ್ಜಿಗಳು ಸುಪ್ರೀಂ ಕೋರ್ಟಿನಲ್ಲಿವೆ. ಅವು ಇತ್ಯರ್ಥವಾಗುವವರೆಗೆ ತಡವಾಯಿತೆಂಬ ಕಾರಣಕ್ಕೆ ಅರ್ಜಿ ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವೂ ಬಂದಿದೆ. ಆ ಆದೇಶದ ಮೇಲೆ ಭಾರ ಹಾಕಿ ಕಾಯುವುದು ಜಾಣತನವಲ್ಲ.

ಹಿಂದಿನ ಸೀಟಿನವರ ಮಾತಾಡುತ್ತ ಮುಂದಿನ ಸೀಟಿನವನನ್ನು ಮರೆಯುವಂತಿಲ್ಲ. ಆಪ್‌ನ ಭಾಷೆಯಲ್ಲಿ ‘ಕ್ಯಾಪ್ಟನ್’ ಎನಿಸಿಕೊಳ್ಳುವ ಬೈಕ್ ಟ್ಯಾಕ್ಸಿ ಸವಾರನ ಸ್ಥಿತಿ ಇನ್ನೂ ನಾಜೂಕು. ಮಾಲೀಕ-ಚಾಲಕರಿಗೆ 15 ಲಕ್ಷ ರೂಪಾಯಿಯ ಕಡ್ಡಾಯ ಅಪಘಾತ ವಿಮೆ 2018ರಿಂದ ಇದೆ. ಅದು ದಕ್ಕುವುದು ಓಡಿಸುವವನೇ ಮಾಲೀಕನಾಗಿದ್ದರೆ ಮಾತ್ರ. ಅಣ್ಣನ ಹೆಸರಿನ, ಗೆಳೆಯನ ಹೆಸರಿನ ಬೈಕು ಓಡಿಸುವವನಿಗೆ ಅದಿಲ್ಲ. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಎರವಲು ಬೈಕಿನಲ್ಲಿ ಹೊರಟಿದ್ದ ಒಬ್ಬರು ಎತ್ತಿನ ಗಾಡಿಗೆ ಡಿಕ್ಕಿಯಾಗಿ ಸತ್ತ ಪ್ರಕರಣ 2009ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ವಾಹನ ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ತಾನೇ ಕೊಡಬೇಕಾದವನು ತನಗೇ ಪರಿಹಾರ ಕೇಳಲಾಗದು ಎಂಬ ತರ್ಕದಲ್ಲಿ, ತಪ್ಪು ನೋಡದೆ ಪರಿಹಾರ ಕೊಡುವ ಆಗಿನ ಕಲಮಿನ ಕೆಳಗೆ ಆ ಕುಟುಂಬದ ಬೇಡಿಕೆ ನಿಲ್ಲಲಿಲ್ಲ. ಪಾರ್ಸೆಲ್, ಊಟ, ಪ್ರಯಾಣಿಕರು ಎಂದು ದಿನವಿಡೀ ರಸ್ತೆಯಲ್ಲಿರುವ ಇಂದಿನ ಹುಡುಗರಲ್ಲಿ ಇಂಥ ಬೈಕಿನವರು ಕಡಿಮೆಯೇನಿಲ್ಲ.

ರಾಜ್ಯ ಸರ್ಕಾರದ ಕೈಯಲ್ಲಿ ಈಗ ಎರಡು ಸಾಧನಗಳಿವೆ. ಒಂದು, ಆಪ್ ಕಂಪನಿಗಳಿಗೆ ಮೋಟಾರು ವಾಹನ ಕಾಯ್ದೆಯ 93ನೇ ಕಲಮಿನ ಅಡಿ ಪರವಾನಗಿ ಕೊಡುವ ಅಧಿಕಾರ. ಇನ್ನೊಂದು, 2025ರಲ್ಲಿ ಜಾರಿಗೆ ತಂದ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯ್ದೆ. ಕಾರ್ಮಿಕರಿಗೆ ಸಂದಾಯವಾಗುವ ಮೊತ್ತದ ಶೇ 1ರಿಂದ 5ರವರೆಗೆ ಕಂಪನಿಗಳಿಂದ ಕಲ್ಯಾಣ ಶುಲ್ಕ ಪಡೆಯಲು ಅದು ಅವಕಾಶ ಕೊಡುತ್ತದೆ. ಆಪ್ ಕಂಪನಿಗಳಿಗಾಗಿ ಕೇಂದ್ರ ಹೊರಡಿಸಿದ 2025ರ ಮಾರ್ಗಸೂಚಿ ಚಾಲಕರಿಗೆ 5 ಲಕ್ಷದ ಆರೋಗ್ಯ ವಿಮೆ, 10 ಲಕ್ಷದ ಟರ್ಮ್ ವಿಮೆ ಇರಬೇಕೆಂದು ಹೇಳುತ್ತದೆ. ಅದೇ ಮಾರ್ಗಸೂಚಿ ರಾಜ್ಯಗಳು ಒಪ್ಪಿದರೆ ವೈಟ್ ಬೋರ್ಡ್ ಬೈಕುಗಳೂ ಪ್ರಯಾಣಿಕರನ್ನು ಒಯ್ಯಬಹುದು ಎಂದೂ ಬಾಗಿಲು ತೆರೆದಿದೆ. ಆ ಬಾಗಿಲಿನಲ್ಲಿ ಕರ್ನಾಟಕ ಎಚ್ಚರದಿಂದ ನಿಲ್ಲಬೇಕು. ಹಿಂಬದಿ ಸವಾರರನ್ನು ಪೂರ್ತಿಯಾಗಿ ಒಳಗೊಳ್ಳುವ ಪಾಲಿಸಿ ಇಲ್ಲದ ಬೈಕಿಗೆ ಆಪ್‌ನಲ್ಲಿ ಬುಕಿಂಗ್ ಹೋಗದಂತೆ ಕಂಪನಿಯೇ ತಡೆಯಬೇಕು. ತಡೆಯದೆ ಸವಾರಿ ಕೊಟ್ಟು ಅಪಘಾತವಾದರೆ ನ್ಯಾಯಮಂಡಳಿ ಹೇಳಿದ ಮೊತ್ತವನ್ನು ಮೊದಲು ಕಂಪನಿ ಕಟ್ಟಬೇಕು, ವಸೂಲಿಯ ತಲೆನೋವು ಅದರದ್ದಾಗಬೇಕು. ಬುಕ್ ಮಾಡುವ ಪುಟದಲ್ಲೇ ದರದ ಪಕ್ಕ ವಿಮೆಯ ವಿವರ ಕನ್ನಡದಲ್ಲಿ ಕಾಣಬೇಕು.

ದರ ಏರುತ್ತದೆ ಎಂಬ ಆಕ್ಷೇಪ ಬರುತ್ತದೆ, ಅದು ಸುಳ್ಳೂ ಅಲ್ಲ. ಸಾರಿಗೆ ವಾಹನದ ಪ್ರೀಮಿಯಂ ಸ್ವಂತ ಬೈಕಿನದಕ್ಕಿಂತ ಹೆಚ್ಚು, ಪರ್ಮಿಟ್, ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಖರ್ಚೂ ಸೇರುತ್ತದೆ. ವಾರಕ್ಕೆ ಕೆಲವು ಗಂಟೆ ಮಾತ್ರ ಬೈಕ್ ಓಡಿಸುವ ವಿದ್ಯಾರ್ಥಿಗೆ ಇದು ಭಾರವಾಗಬಹುದು. ಆದರೆ ಒಂದು ರೂಪಾಯಿಗೆ ಒಂದು ಸವಾರಿಯ ವಿಮೆ ಕೊಡಬಹುದೆಂದು ಇದೇ ನಗರದ ಕಂಪನಿ 2018ರಲ್ಲೇ ತೋರಿಸಿಕೊಟ್ಟಿದೆ. ಸವಾರಿಯ ಲೆಕ್ಕದಲ್ಲಿ ಪ್ರೀಮಿಯಂ ಕಟ್ಟುವ ಗುಂಪು ಪಾಲಿಸಿಯನ್ನು ಕಂಪನಿಯೇ ತೆಗೆದುಕೊಂಡರೆ ಅಪರೂಪಕ್ಕೆ ಓಡಿಸುವವನು ವರ್ಷದ ಭಾರ ಹೊರಬೇಕಿಲ್ಲ. ಇವತ್ತಿನ ಅಗ್ಗದ ದರದಲ್ಲಿ ಸೇರದೆ ಉಳಿದಿರುವ ಖರ್ಚನ್ನು ಯಾರೋ ಒಬ್ಬರು ಈಗಲೂ ಕೊಡುತ್ತಿದ್ದಾರೆ. ಆಪರೇಷನ್ನಿಗೆ ಒಡವೆ ಅಡವಿಟ್ಟ ಮನೆಯವರು ಅದನ್ನು ಬಡ್ಡಿ ಸಮೇತ ಕಟ್ಟುತ್ತಿದ್ದಾರೆ.